ಒಬ್ಬನೇ ಹಾರಿಸಲು ಆರೂವರೆ ತಿಂಗಳು: ನಮ್ಮ ಮಾಡೆಲ್ ವಿಮಾನ ಕ್ಲಬ್ಬಿನ ಕಲಿಕೆ ಮತ್ತು 'ಎ' ಪರೀಕ್ಷೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ನನ್ನ ಟ್ರಾನ್ಸ್‌ಮಿಟರ್‌ಗೆ, ಅಂದರೆ ನೆಲದ ಮೇಲೆ ನಿಂತು ವಿಮಾನ ನಡೆಸುವ ರಿಮೋಟ್‌ಗೆ, ಇನ್ನೊಬ್ಬರ ಟ್ರಾನ್ಸ್‌ಮಿಟರ್ ಜೋಡಿಸಿರಲಿಲ್ಲ. ತಪ್ಪಾದರೆ "ನನ್ನ ಕೈಗೆ ಕೊಡಿ" ಅನ್ನುವ ದನಿಯೂ ಇಲ್ಲ. ವಿಮಾನ ಹುಲ್ಲಿನ ಮೇಲೆ ಓಡಿ ಎದ್ದಿತು, ಏಳು ನಿಮಿಷ ಹಾರಿತು, ಇಳಿಯಿತು. ನಾನೇ ಹೋಗಿ ಎತ್ತಿಕೊಂಡು ಬಂದೆ. ಮಾರ್ಚ್‌ನಲ್ಲಿ ಕ್ಲಬ್ ಸೇರಿದವನು ಸೆಪ್ಟೆಂಬರ್ ಮಧ್ಯದಲ್ಲಿ ಈ ಏಳು ನಿಮಿಷಕ್ಕೆ ಬಂದೆ. ಇಷ್ಟು ದಿನ ಕಾದದ್ದು, ಕೊಟ್ಟ ದುಡ್ಡು, ಕಳೆದ ಶನಿವಾರ ಭಾನುವಾರಗಳು ಎಲ್ಲ ಸೇರಿ ಇದಕ್ಕೆ ಬೆಲೆ ಇದೆಯಾ ಅಂತ ಇಬ್ಬರು ಗೆಳೆಯರು ಕೇಳಿದರು. ಇಬ್ಬರೂ ಇಲ್ಲೇ ಇರುವ ಕನ್ನಡದವರು, ಇಬ್ಬರಿಗೂ ಸೇರುವ ಆಸೆ. ಅವರಿಗೆ ಹೇಳಬೇಕಾದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಕ್ಲಬ್ಬಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಲವು ದೂರುಗಳೂ ಇವೆ, ಮತ್ತು ಇಲ್ಲಿನ ಕ್ಲಬ್ಬುಗಳು ಹೆಚ್ಚು ಕಮ್ಮಿ ಒಂದೇ ರೀತಿ ನಡೆಯುತ್ತವೆ. ಒಬ್ಬ ರೈತರ ಜಮೀನಿನ ಮೂಲೆಯಲ್ಲಿ ಕತ್ತರಿಸಿದ ಹುಲ್ಲಿನ ಪಟ್ಟಿ, ಒಂದು ಹಳೆಯ ಕಂಟೇನರ್, ನಾಲ್ಕು ಮೇಜು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಟ್ಟಿದ ಕಂಬ. ಅಷ್ಟೇ. ದೊಡ್ಡ ಕಟ್ಟಡ, ಕ್ಯಾಂಟೀನ್ ಅಂತೆಲ್ಲ ಅಂದುಕೊಂಡು ಹೋಗಬೇಡಿ. ಟೀ ಫ್ಲಾಸ್ಕ್ ನೀವೇ ತೆಗೆದುಕೊಂಡು ಹೋಗಿ.

ಇಲ್ಲಿನ ಕ್ಲಬ್ಬುಗಳಲ್ಲಿ ಹೆಚ್ಚಿನವು ಬಿಎಂಎಫ್‌ಎ, ಅಂದರೆ ಬ್ರಿಟಿಷ್ ಮಾಡೆಲ್ ಫ್ಲೈಯಿಂಗ್ ಅಸೋಸಿಯೇಷನ್ ಜೊತೆ ಸೇರಿಕೊಂಡಿರುತ್ತವೆ. 1922ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಸಂಘ ಅದು. ಅವರದ್ದು ಎ, ಬಿ, ಸಿ ಅಂತ ಮೂರು ಹಂತದ ಸರ್ಟಿಫಿಕೇಟ್ ಇದೆ. 'ಎ' ಅಂದರೆ ಈ ಮನುಷ್ಯ ಯಾರ ನೆರವೂ ಇಲ್ಲದೆ, ಯಾರಿಗೂ ಅಪಾಯ ಮಾಡದೆ ಹಾರಿಸಬಲ್ಲ ಅಂತ ಅರ್ಥ. ಕಾನೂನು ಪ್ರಕಾರ ಇದು ಕಡ್ಡಾಯ ಅಲ್ಲ. ಆದರೆ ನಮ್ಮ ಕ್ಲಬ್ಬಿನ ಹಾಗೆ ಎಷ್ಟೋ ಕ್ಲಬ್ಬುಗಳು ಇದನ್ನೇ ಗೆರೆಯಾಗಿ ಇಟ್ಟುಕೊಂಡಿವೆ. ಎ ಇಲ್ಲದಿದ್ದರೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರಲೇಬೇಕು.

ಕಾನೂನಿಗೆ ಬೇಕಾದದ್ದೇ ಬೇರೆ. ಇಲ್ಲಿನ ವಿಮಾನಯಾನ ಪ್ರಾಧಿಕಾರವಾದ ಸಿಎಎಯ ಫ್ಲೈಯರ್ ಐಡಿ (ಹಾರಿಸುವವರದ್ದು), ಆಪರೇಟರ್ ಐಡಿ (ವಿಮಾನದ ಹೊಣೆ ಹೊತ್ತವರದ್ದು) ಎರಡೂ ಬೇಕು. 2019ರ ನವೆಂಬರ್ ಕೊನೆಯಿಂದ ಬಂದ ನಿಯಮ ಇದು. ಫ್ಲೈಯರ್ ಐಡಿಗೆ ಆನ್‌ಲೈನ್‌ನಲ್ಲಿ 40 ಪ್ರಶ್ನೆ, 30 ಸರಿಯಾದರೆ ಪಾಸ್. ಆಪರೇಟರ್ ನಂಬರನ್ನು ವಿಮಾನದ ಮೇಲೆ ಅಂಟಿಸಬೇಕು. ಇದನ್ನೆಲ್ಲ ಮನೆಯಲ್ಲಿ ಕೂತು ಒಂದು ಸಂಜೆ ಮುಗಿಸಿದೆ. ಅದು ಕೈಗೆ ಬಂದ ದಿನ ನನಗೆ ವಿಮಾನವನ್ನು ನೇರವಾಗಿ ಹತ್ತು ಸೆಕೆಂಡ್ ಹಾರಿಸಲೂ ಬರುತ್ತಿರಲಿಲ್ಲ. ಹಾಗಾಗಿ ಕ್ಲಬ್ಬಿನವರು ಎ ಕೇಳುವುದು ಸರಿಯೇ ಅಂತ ನನ್ನ ಅಭಿಪ್ರಾಯ.

ಮೊದಲ ತಪ್ಪು ನಾನು ಕ್ಲಬ್ಬಿಗೆ ಹೋಗುವ ಮೊದಲೇ ಮಾಡಿದೆ. ಒಂದು ಅಂಗಡಿಗೆ ಹೋಗಿ ವಿಮಾನ ಕೊಂಡುಬಿಟ್ಟೆ. ಚೆಂದದ ಸಣ್ಣ ಫೋಮ್ ವಿಮಾನ, ಸುಮಾರು 600 ಗ್ರಾಂ, ಒಳಗೆ ತಾನಾಗಿಯೇ ನೆಟ್ಟಗಾಗುವ ಎಲೆಕ್ಟ್ರಾನಿಕ್ಸ್. "ಕಲಿಯಲು, ಪರೀಕ್ಷೆಗೆ, ಎಲ್ಲದಕ್ಕೂ ಇದೇ ಸಾಕು" ಅಂದರು ಅಂಗಡಿಯವರು. ಕ್ಲಬ್ಬಿಗೆ ತೆಗೆದುಕೊಂಡು ಹೋದ ದಿನವೇ ಇನ್‌ಸ್ಟ್ರಕ್ಟರ್ ತಲೆ ಅಲ್ಲಾಡಿಸಿದರು. ಎ ಪರೀಕ್ಷೆಗೆ ವಿಮಾನ ಕನಿಷ್ಠ 1 ಕೆಜಿ ತೂಗಬೇಕು. ತಾನಾಗಿ ನೆಟ್ಟಗಾಗುವ ಸೌಲಭ್ಯವನ್ನೂ ಆಫ್ ಮಾಡಿಯೇ ಹಾರಿಸಬೇಕು ಅಂದರು. ಸಣ್ಣ ವಿಮಾನ ಸ್ವಲ್ಪ ಗಾಳಿ ಬಂದರೂ ಎಲೆ ಹಾಗೆ ತೂರಾಡುತ್ತದೆ, ಕಲಿಯುವವನಿಗೆ ತಾನು ಮಾಡಿದ್ದು ಯಾವುದು, ಗಾಳಿ ಮಾಡಿದ್ದು ಯಾವುದು ಅಂತಲೇ ತಿಳಿಯುವುದಿಲ್ಲ. ಆ ದುಡ್ಡು ಹೋಯಿತು. ಆಮೇಲೆ ಅವರು ಹೇಳಿದ ಹಾಗೆ 1.4 ಮೀಟರ್ ರೆಕ್ಕೆಯ ಟ್ರೈನರ್, ಅಂದರೆ ಕಲಿಯುವವರ ವಿಮಾನ ತೆಗೆದುಕೊಂಡೆ, ಜೊತೆಗೆ ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಪೋ ಬ್ಯಾಟರಿ ಮೂರು. ಇದನ್ನು ಓದುತ್ತಿರುವವರು ದಯವಿಟ್ಟು ಮೊದಲು ಕ್ಲಬ್ಬಿಗೆ ಹೋಗಿ, ಆಮೇಲೆ ಅಂಗಡಿಗೆ ಹೋಗಿ. ಬಹಳ ಕ್ಲಬ್ಬುಗಳಲ್ಲಿ ಕಲಿಯುವವರಿಗೆ ಅಂತಲೇ ಒಂದು ವಿಮಾನ ಇರುತ್ತದೆ. ನಮ್ಮಲ್ಲೂ ಇತ್ತು, ಎರಡು ವಾರ ಅದರಲ್ಲೇ ಕಲಿತೆ.

ಕಲಿಸುವ ರೀತಿ ಬಗ್ಗೆ ಹೇಳುತ್ತೇನೆ, ಈ ಕ್ಲಬ್ಬಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ನನ್ನ ಮತ್ತು ಇನ್‌ಸ್ಟ್ರಕ್ಟರ್ ಅವರ ಟ್ರಾನ್ಸ್‌ಮಿಟರ್ ಜೋಡಿಸಿರುತ್ತಾರೆ. ಅವರು ಒಂದು ಸ್ವಿಚ್ ಹಿಡಿದುಕೊಂಡಿರುವಷ್ಟು ಹೊತ್ತು ವಿಮಾನ ನನ್ನ ಕೈಯಲ್ಲಿ, ಬಿಟ್ಟ ಕೂಡಲೇ ಅವರ ಕೈಯಲ್ಲಿ. ನನ್ನ ಇನ್‌ಸ್ಟ್ರಕ್ಟರ್ ಎಪ್ಪತ್ತು ದಾಟಿದ ಹಿರಿಯರು. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಇಲ್ಲಿ ಯಾವ ಇನ್‌ಸ್ಟ್ರಕ್ಟರೂ ತೆಗೆದುಕೊಳ್ಳುವುದಿಲ್ಲ. ಚಳಿಯಲ್ಲಿ ಎರಡು ಗಂಟೆ ನನ್ನ ಪಕ್ಕ ನಿಂತು, ನಾನು ಹಾಳು ಮಾಡಿದ ಪ್ರತಿ ಸುತ್ತನ್ನೂ ಸರಿ ಮಾಡಿ, ಮತ್ತೆ ವಿಮಾನವನ್ನು ಎತ್ತರಕ್ಕೆ ಒಯ್ದು ನನ್ನ ಕೈಗೆ ಕೊಡುತ್ತಿದ್ದರು. ಒಂದು ದಿನವೂ ದನಿ ಏರಿಸಲಿಲ್ಲ. ಅವರು ತಮ್ಮ ವಿಮಾನ ಹಾರಿಸದೆ ಬಿಟ್ಟು ನನಗೆ ಕೊಟ್ಟ ಭಾನುವಾರಗಳನ್ನು ಲೆಕ್ಕ ಹಾಕಿದರೆ ನನಗೆ ಮಾತೇ ಬರುವುದಿಲ್ಲ.

ಶುರುವಿನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಟ್ರಾನ್ಸ್‌ಮಿಟರ್ ಮೇಲಿನ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಕ್ಕೆ ತಿರುಗುತ್ತದೆ. ನಮ್ಮ ಕಡೆಗೇ ಬರುವಾಗ ಅದೇ ಸ್ಟಿಕ್ ಬಲಕ್ಕೆ ತಳ್ಳಿದರೆ ನಮ್ಮ ಕಣ್ಣಿಗೆ ಎಡಕ್ಕೆ ಹೋಗುತ್ತದೆ. ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಅವರು ಹೇಳಿಕೊಟ್ಟ ಉಪಾಯ ತುಂಬ ಸರಳ: ನಿಮ್ಮ ಕಡೆಗೆ ಬರುವಾಗ ಯಾವ ರೆಕ್ಕೆ ಕೆಳಗಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳಿ, ಬಿದ್ದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ನಾನು ಅದನ್ನು ಕನ್ನಡದಲ್ಲಿ "ಬಿದ್ದ ರೆಕ್ಕೆ ಕಡೆಗೇ ಕಡ್ಡಿ" ಅಂತ ಮಾಡಿಕೊಂಡು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಚಿಕ್ಕಂದಿನಲ್ಲಿ ನಾವು ಬೆಂಗಳೂರಿನ ಮುರುಗೇಶಪಾಳ್ಯದಲ್ಲಿದ್ದೆವು, ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕ. ಮಹಡಿ ಮೇಲೆ ನಿಂತು ಇಳಿಯುವ ವಿಮಾನಗಳನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ. ಎದುರಿಗೆ ಬರುವ ವಿಮಾನದ ಆ ಸಣ್ಣ ಅಲುಗಾಟ, ಒಂದು ರೆಕ್ಕೆ ಇಳಿದು ಮತ್ತೆ ಏಳುವುದು, ಅದನ್ನು ಅಲ್ಲಿ ಒಳಗೆ ಕೂತವರು ಹೇಗೆ ಸರಿ ಮಾಡುತ್ತಿದ್ದರು ಅಂತ ಈಗ ಬೆರಳಿಗೆ ಅರ್ಥವಾಗುತ್ತಿದೆ. ಮೇ ತಿಂಗಳ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಯೋಚನೆ ಮಾಡದೆಯೇ ಕೈ ಸರಿಯಾದ ಕಡೆ ಹೋಯಿತು. ಆ ಸಂಜೆ ಮನೆಗೆ ಬಂದು ಮಗಳಿಗೆ ಅರ್ಧ ಗಂಟೆ ಅದನ್ನೇ ಹೇಳಿದೆ.

ಈಗ ದೂರುಗಳು. ಒಂದು, ಕಾಯುವುದು. ಇನ್‌ಸ್ಟ್ರಕ್ಟರ್‌ಗಳು ಮೂವರು, ಕಲಿಯುವವರು ಹನ್ನೊಂದು ಜನ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಎರಡು ಬ್ಯಾಟರಿ ಮುಗಿಯುವಷ್ಟು ಹಾರಿಸಲು ಸಿಕ್ಕರೆ ಹೆಚ್ಚು. ಮಳೆ, ಗಾಳಿ ಅಂತ ಏಪ್ರಿಲ್‌ನಲ್ಲಿ ಸತತ ಮೂರು ವಾರ ಏನೂ ಆಗಲಿಲ್ಲ. ಮೈದಾನಕ್ಕೆ ನಲವತ್ತು ನಿಮಿಷ ಕಾರು ಓಡಿಸಿ ಬಂದ ಮೇಲೆ "ಇವತ್ತು ಆಗಲ್ಲ" ಅಂದರೆ ಬೇಜಾರಾಗುತ್ತದೆ. ಬೆಳಿಗ್ಗೆ ಏಳಕ್ಕೇ ಫೋನಿನಲ್ಲಿ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು ಅಲ್ವಾ? ನಾವು ಕೆಲವರು ಕೇಳಿದ ಮೇಲೆ ಜೂನ್‌ನಿಂದ ಹಾಕಲು ಶುರು ಮಾಡಿದರು.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಒಬ್ಬ ಇನ್‌ಸ್ಟ್ರಕ್ಟರ್ ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ತಿರುವಿನಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಕೊಡಲೇಬೇಕು ಅಂತ ಒಬ್ಬರು, ಈ ವಿಮಾನಕ್ಕೆ ಅದರ ಅಗತ್ಯವೇ ಇಲ್ಲ ಅಂತ ಇನ್ನೊಬ್ಬರು. ಹೊಸಬರಿಗೆ ಇದರಿಂದ ತಲೆ ಕೆಡುತ್ತದೆ. ನಾನು ಕಾಯುವುದು ಜಾಸ್ತಿಯಾದರೂ ಪರವಾಗಿಲ್ಲ ಅಂತ ಒಬ್ಬರ ಹತ್ತಿರವೇ ಕಲಿಯುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು. ನೀವೂ ಹಾಗೇ ಮಾಡಿ. ಕಲಿಕೆಗೆ ಒಂದು ಪುಸ್ತಕ ಇಟ್ಟು, ಇವತ್ತು ಏನು ಕಲಿತೆ, ಮುಂದಿನ ಸಲ ಎಲ್ಲಿಂದ ಶುರು ಅಂತ ಬರೆದಿಟ್ಟರೆ ಈ ತೊಂದರೆ ಅರ್ಧ ಕಮ್ಮಿಯಾಗುತ್ತದೆ. ಕ್ಲಬ್ಬಿನವರಿಗೆ ಇದನ್ನು ಬರೆದು ಕೊಟ್ಟಿದ್ದೇನೆ.

ಇನ್ನು ಪರೀಕ್ಷೆ. ಕಾಗದದ ಮೇಲೆ ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಹಾರಿಸುವ ಮೊದಲಿನ ತಪಾಸಣೆ. ಟೇಕಾಫ್, ಒಂದು ಸುತ್ತು, ಪಟ್ಟಿಯ ಮೇಲೆ ಹಾದು ಹೋಗುವುದು. ಗೆರೆಗಳು ಒಂದನ್ನೊಂದು ದಾಟುವ ಜಾಗ ನಿಮ್ಮ ಎದುರಿಗೇ ಬರುವ ಹಾಗೆ ಎಂಟರ ಆಕಾರ. ಚೌಕಾಕಾರದ ಸುತ್ತು ಹಾಕಿ ಇಳಿಸುವುದು. ಮತ್ತೆ ಟೇಕಾಫ್, ಇಳಿಸುವಾಗ ಹೋದದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ ಇನ್ನೊಂದು ಚೌಕ. ಕೊನೆಗೆ ಮೋಟಾರ್ ನಿಂತ ಹಾಗೆ ಮಾಡಿ ಇಳಿಸುವುದು, ಅದಕ್ಕೆ ಡೆಡ್‌ಸ್ಟಿಕ್ ಅನ್ನುತ್ತಾರೆ. ಲೂಪ್, ರೋಲ್ ತರಹದ ಪಲ್ಟಿ ಯಾವುದೂ ಇಲ್ಲ. ಆಮೇಲೆ ಸುರಕ್ಷತೆ ಬಗ್ಗೆ ಕನಿಷ್ಠ ಐದು ಪ್ರಶ್ನೆ.

ಎಂಟರ ಆಕಾರ ಅಂದರೆ ಕಾಗದದ ಮೇಲೆ ಮಗು ಬರೆಯುತ್ತದೆ. ಗಾಳಿಯಲ್ಲಿ ಅದು ಎಂಟಾಗಿ ಉಳಿಯುವುದಿಲ್ಲ. ಗಾಳಿ ಬೆನ್ನಿಗಿದ್ದಾಗ ವಿಮಾನ ದೂರ ತೇಲಿ ಹೋಗುತ್ತದೆ, ಅಲ್ಲಿ ಜಾಸ್ತಿ ವಾಲಿಸಿ ಬೇಗ ತಿರುಗಿಸಬೇಕು. ಎದುರುಗಾಳಿಯಲ್ಲಿ ತಿರುವನ್ನು ಹಗುರ ಮಾಡಬೇಕು. ಇಲ್ಲದಿದ್ದರೆ ದಾಟುವ ಜಾಗ ನಿಮ್ಮ ಮುಂದೆ ಬರುವುದಿಲ್ಲ, ಐವತ್ತು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮೇಲಾಗಿ ಎತ್ತರ ಒಂದೇ ಸಮ ಇರಬೇಕು, ಆದರೆ ಪ್ರತಿ ತಿರುವಿನಲ್ಲೂ ಮೂತಿ ಕೆಳಗಾಗುತ್ತದೆ, ಅದಕ್ಕೆ ಸ್ವಲ್ಪ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಭಾಗ) ಎಳೆದು ಹಿಡಿಯಬೇಕು. ಇದೊಂದಕ್ಕೇ ನನಗೆ ಐದು ವಾರ ಬೇಕಾಯಿತು. ಯಾಕೆ ಇದನ್ನೇ ಇಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಎಡ ತಿರುವು, ಬಲ ತಿರುವು, ಬರುವುದು, ಹೋಗುವುದು, ಗಾಳಿ, ಎತ್ತರ ಎಲ್ಲ ಒಂದರಲ್ಲೇ ಬಂತು. ಬರೀ ಎಡಕ್ಕೆ ತಿರುಗಿಸಿ ಅಭ್ಯಾಸ ಮಾಡಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಡೆಡ್‌ಸ್ಟಿಕ್ ನನ್ನನ್ನು ಮೊದಲ ಸಲ ಫೇಲ್ ಮಾಡಿಸಿತು. ಆಗಸ್ಟ್ ಮೊದಲ ಶನಿವಾರ. ಅಲ್ಲಿವರೆಗೂ ಎಲ್ಲ ಚೆನ್ನಾಗೇ ಹೋಗಿತ್ತು. ಸುಮಾರು 200 ಅಡಿ ಎತ್ತರದಲ್ಲಿ, ಪಟ್ಟಿಯ ಮೇಲೆ, ಎದುರುಗಾಳಿಗೆ ಮುಖ ಮಾಡಿರುವಾಗ ಥ್ರಾಟಲ್, ಅಂದರೆ ಮೋಟಾರಿನ ಶಕ್ತಿ, ಪೂರ್ತಿ ಇಳಿಸಬೇಕು. ಅಲ್ಲಿಂದ ಮೋಟಾರ್ ಮುಟ್ಟುವ ಹಾಗಿಲ್ಲ. ನಾನು ಗಾಳಿ ಜೊತೆ ಸ್ವಲ್ಪ ದೂರ ಹೋಗಿಬಿಟ್ಟೆ. ತಿರುಗಿ ಪಟ್ಟಿ ಕಡೆ ಬರುವಾಗ ವಿಮಾನ ಮುಟ್ಟುವುದಿಲ್ಲ ಅನ್ನಿಸಿತು. ಆಗ ಮನಸ್ಸು ಎಳಿ ಎಳಿ ಅನ್ನುತ್ತದೆ, ಮೂತಿ ಎತ್ತಿದರೆ ಇನ್ನೂ ದೂರ ಬರುತ್ತದೆ ಅಂತ. ಬರುವುದಿಲ್ಲ. ಎತ್ತಿದಷ್ಟೂ ವೇಗ ಕಮ್ಮಿಯಾಗಿ ರೆಕ್ಕೆ ಹಿಡಿತ ಬಿಟ್ಟುಬಿಡುತ್ತದೆ. ನಾನು ಎಳೆದೆ. ಎಡ ರೆಕ್ಕೆ ಧೊಪ್ಪನೆ ಇಳಿಯಿತು, ವಿಮಾನ ಪಕ್ಕದ ಗೋಧಿ ಹೊಲದೊಳಗೆ ಹೋಗಿ ಮರೆಯಾಯಿತು.

ಹೊಲದ ಬಗ್ಗೆ ಕ್ಲಬ್ಬಿನ ನಿಯಮ ನನಗೆ ತುಂಬ ಹಿಡಿಸಿತು. ಒಬ್ಬರೇ ಹೋಗಬೇಕು, ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲೇ ನಡೆಯಬೇಕು, ಪೈರು ತುಳಿಯಬಾರದು. ಇನ್ನೊಬ್ಬರು ಮೈದಾನದಲ್ಲೇ ನಿಂತು ಕೈ ತೋರಿಸಿ ದಾರಿ ಹೇಳುತ್ತಾರೆ. ರೈತರ ಬೆಳೆ ಹಾಳಾದರೆ ನಾಳೆ ಮೈದಾನವೇ ಇರುವುದಿಲ್ಲ. ನಮ್ಮ ತಾತನದ್ದು ಮಂಡ್ಯದ ಕಡೆ ಗದ್ದೆ, ಪೈರಿನೊಳಗೆ ಕಾಲಿಟ್ಟರೆ ಅವರು ಏನು ಅನ್ನುತ್ತಿದ್ದರು ಅಂತ ನನಗೆ ಗೊತ್ತು. ಪ್ರೊಪೆಲ್ಲರ್ ಮುರಿದಿತ್ತು, ಮೂತಿ ಬಿರುಕು ಬಿಟ್ಟಿತ್ತು, ಅಷ್ಟೇ. ಒಂದೇ ದಿನ ಎರಡು ಸಲ ಪ್ರಯತ್ನ ಮಾಡಬಹುದು, ಆದರೆ ಆ ಸ್ಥಿತಿಯ ವಿಮಾನದಲ್ಲಿ ಬೇಡ ಅಂತ ನಾನೇ ಹೇಳಿದೆ. ಪರೀಕ್ಷಕರು ಕೂರಿಸಿಕೊಂಡು, ಎಲ್ಲಿ ತಿರುಗಬೇಕಿತ್ತು, ಯಾಕೆ ಮೂತಿ ಸ್ವಲ್ಪ ಕೆಳಗೇ ಇಡಬೇಕು, ಪಟ್ಟಿ ಮುಟ್ಟದಿದ್ದರೆ ಅದರ ಈಚೆಗೇ ನೆಟ್ಟಗೆ ಇಳಿಸುವುದು ಹೇಗೆ ಅಂತ ಹುಲ್ಲಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಆ ಇಪ್ಪತ್ತು ನಿಮಿಷ ಪಾಸಾಗಿದ್ದರೆ ನನಗೆ ಸಿಗುತ್ತಿರಲಿಲ್ಲ.

ಆಮೇಲೆ ಪರೀಕ್ಷಕರು ಮತ್ತೆ ಸಿಗಲು ಆರು ವಾರ. ಇದು ನನ್ನ ಮೂರನೆಯ ದೂರು. ಇಡೀ ಕ್ಲಬ್ಬಿಗೆ ಇಬ್ಬರೇ ಪರೀಕ್ಷಕರು, ಒಬ್ಬರಿಗೆ ಆರೋಗ್ಯ ಸರಿ ಇರಲಿಲ್ಲ, ಇನ್ನೊಬ್ಬರು ರಜೆ ಮೇಲೆ ಹೋದರು. ತಯಾರಾಗಿ ನಿಂತವನಿಗೆ ಆರು ವಾರ ಬಹಳ ದೊಡ್ಡದು. ಆದರೂ ಸುಮ್ನೆ ಕೂರಲಿಲ್ಲ. ಇನ್‌ಸ್ಟ್ರಕ್ಟರ್ ಹೇಳಿದ ಹಾಗೆ ಪ್ರತಿ ಹಾರಾಟದ ಕೊನೆಗೂ ಡೆಡ್‌ಸ್ಟಿಕ್ ಮಾಡಿದೆ, ಲೆಕ್ಕ ಇಟ್ಟಿದ್ದೆ, 31 ಸಲ.

ಪ್ರಶ್ನೆಗಳಿಗೆ ಮಗಳು ತಯಾರಿ ಮಾಡಿಸಿದಳು. ಅವಳಿಗೆ ಹನ್ನೆರಡು. ಊಟಕ್ಕೆ ಕೂತಾಗ ಕೈಪಿಡಿ ಹಿಡಿದುಕೊಂಡು, "ಅಪ್ಪಾ, ಫೇಲ್‌ಸೇಫ್ ಅಂದ್ರೆ ಏನು ಹೇಳು" ಅನ್ನುವಳು. ಸಿಗ್ನಲ್ ಕಡಿದು ಹೋದರೆ ಮೋಟಾರ್ ತಾನಾಗಿ ನಿಲ್ಲುವ ಹಾಗೆ ಇಟ್ಟಿರಬೇಕು. ಟ್ರಾನ್ಸ್‌ಮಿಟರ್ ಮೊದಲು ಆನ್, ವಿಮಾನದ ಬ್ಯಾಟರಿ ಆಮೇಲೆ, ತೆಗೆಯುವಾಗ ಉಲ್ಟಾ. ಸಂಬಂಧ ಇಲ್ಲದ ಜನರಿಂದ 30 ಮೀಟರ್ ದೂರ. ಬ್ಯಾಟರಿ ಜೋಡಿಸಿದ ವಿಮಾನದ ಪ್ರೊಪೆಲ್ಲರ್ ಯಾವ ಕ್ಷಣವಾದರೂ ತಿರುಗಬಹುದು ಅಂತಲೇ ನಡೆದುಕೊಳ್ಳಬೇಕು, ಅದರ ಮುಂದೆ ಕೈ ಇಡಬಾರದು. ಮೈದಾನಕ್ಕೆ ಹೋದ ಕೂಡಲೇ ನೋಡಬೇಕಾದ್ದಕ್ಕೆ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಸ್ವೀಟ್ಸ್ (SWEETS) ಅನ್ನುವ ಪದ ಮಾಡಿಕೊಂಡಿದ್ದಾರೆ: ಬಿಸಿಲು ಎಲ್ಲಿದೆ, ಗಾಳಿ ಯಾವ ಕಡೆಯದು, ಏನೇನು ಆಗಬಹುದು, ತುರ್ತು ಬಂದರೆ ಏನು ಮಾಡಬೇಕು, ಟ್ರಾನ್ಸ್‌ಮಿಟರ್ ಪದ್ಧತಿ ಏನು, ಆ ಜಾಗದ ನಿಯಮಗಳೇನು. ಈಗ ನಾನು ಕಾರಿನಿಂದ ಇಳಿಯುವ ಮೊದಲೇ ಗಾಳಿಚೀಲ ನೋಡುತ್ತೇನೆ.

ಸೆಪ್ಟೆಂಬರ್‌ನಲ್ಲಿ ಎರಡನೆಯ ಸಲ ಪರೀಕ್ಷೆಗೆ ನಿಂತ ದಿನ ತೆಳು ಗಾಳಿ. ಕೈ ನಡುಗುತ್ತಿತ್ತು, ಎಂಟು ಸ್ವಲ್ಪ ಕೋಳಿಮೊಟ್ಟೆ ಆಕಾರಕ್ಕೆ ಹೋಯಿತು, ಪರವಾಗಿಲ್ಲ ಅಂದರು. ಕೊನೆಯ ಡೆಡ್‌ಸ್ಟಿಕ್‌ಗೆ ಜೋರಾಗಿ ಕೂಗಿ ಹೇಳಿ, ಬೇಗ ತಿರುಗಿ, ಮೂತಿ ಕೆಳಗಿಟ್ಟು ಬಂದೆ. ಪಟ್ಟಿಯ ಮಧ್ಯಕ್ಕೇ ಇಳಿಯಿತು. ಪರೀಕ್ಷಕರು ಏನೂ ಹೇಳದೆ ನಾನು ವಿಮಾನ ಎತ್ತಿಕೊಂಡು, ಬ್ಯಾಟರಿ ಬಿಚ್ಚಿ, ಎಲ್ಲ ಪರಿಶೀಲಿಸುವವರೆಗೂ ನೋಡುತ್ತಿದ್ದರು. ಅದೂ ಪರೀಕ್ಷೆಯೇ. ಏಳು ಪ್ರಶ್ನೆ ಕೇಳಿದರು. ಆಮೇಲೆ ಕೈ ಕುಲುಕಿದರು. ನನ್ನ ಇನ್‌ಸ್ಟ್ರಕ್ಟರ್ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದರು. ತಾನು ಕಲಿಸಿದವರ ಪರೀಕ್ಷೆ ನೋಡಲು ತನಗೆ ಧೈರ್ಯ ಇಲ್ಲ ಅಂದರು.

ಖರ್ಚಿನ ವಿಷಯ: ಬಿಎಂಎಫ್‌ಎ ಸದಸ್ಯತ್ವ, ಕ್ಲಬ್ಬಿನ ವರ್ಷದ ಚಂದಾ, ಸಿಎಎ ನೋಂದಣಿ. ಸದಸ್ಯತ್ವದಲ್ಲಿ ಬೇರೆಯವರಿಗೆ ಹಾನಿಯಾದರೆ 25 ಮಿಲಿಯನ್ ಪೌಂಡ್‌ವರೆಗಿನ ವಿಮೆ ಸೇರಿದೆ, ಅದೊಂದಕ್ಕೇ ದುಡ್ಡು ಕೊಡಬಹುದು. ಕಲಿಕೆಗೆ ಬೇರೆ ಶುಲ್ಕ ಇಲ್ಲ. ನನ್ನ ಲೆಕ್ಕದಲ್ಲಿ ಕ್ಲಬ್ಬಿಗೆ ಐದಕ್ಕೆ ನಾಲ್ಕು. ಕಲಿಸುವವರಿಗೆ ಐದಕ್ಕೆ ಐದು, ವ್ಯವಸ್ಥೆಗೆ ಮೂರು.

ಊರಿನಲ್ಲಿ ಹಾರಿಸುವ ಗೆಳೆಯರಿಗೆ ಒಂದು ಮಾತು. ಅಲ್ಲಿ 2021ರ ಡ್ರೋನ್ ನಿಯಮಗಳಲ್ಲಿ ಮಾಡೆಲ್ ವಿಮಾನವೂ ಬರುತ್ತದೆ. ಬೆಂಗಳೂರಿನ ಸುತ್ತ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಎಷ್ಟೋ ವಿಮಾನ ನೆಲೆಗಳಿವೆ, ಹಾಗಾಗಿ ಖಾಲಿ ಕೆರೆ ಅಂಗಳ ಕಂಡಿತು ಅಂತ ಹಾರಿಸಬೇಡಿ, ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಹಸಿರು, ಹಳದಿ, ಕೆಂಪು ವಲಯದ ನಕ್ಷೆ ನೋಡಿ.

ಇಲ್ಲಿ ಸೇರುವ ಯೋಚನೆ ಇರುವವರು ಚಳಿಗಾಲದಲ್ಲೇ ಹೋಗಿ ಮಾತಾಡಿ. ಆಗ ಜನ ಕಮ್ಮಿ, ಇನ್‌ಸ್ಟ್ರಕ್ಟರ್‌ಗೆ ಬಿಡುವು ಜಾಸ್ತಿ. ಟ್ರಾನ್ಸ್‌ಮಿಟರ್ ಮೋಡ್ (ಯಾವ ಕೈಯ ಸ್ಟಿಕ್ ಯಾವ ಕೆಲಸಕ್ಕೆ ಅನ್ನುವ ಜೋಡಣೆ) 1 ಅಥವಾ 2, ಯಾವುದರಲ್ಲಿ ಅವರು ಕಲಿಸುತ್ತಾರೆ ಅಂತ ಕೇಳಿಕೊಂಡೇ ಕೊಳ್ಳಿ. ದಪ್ಪ ಸಾಕ್ಸ್, ಮಡಚುವ ಕುರ್ಚಿ, ಬಿಸಿಲಿಗೆ ಟೋಪಿ ಇರಲಿ. ನನ್ನ ಮಗಳು ಈ ಭಾನುವಾರದಿಂದ ಶುರು ಮಾಡುತ್ತಿದ್ದಾಳೆ, ಅದೇ ಹಿರಿಯರ ಪಕ್ಕದಲ್ಲಿ, ನನ್ನ ಟ್ರೈನರ್‌ನಲ್ಲೇ.